ಪಡಿತರ ಚೀಟಿ ರದ್ದಾದ ಮೇಲೆ ನಮ್ಮ ಮನೆಯ ಲೆಕ್ಕ

ಬಿಪಿಎಲ್ ಕಾರ್ಡ್ ರದ್ದಾದರೆ ಹೋಗುವುದು ತಿಂಗಳ ಅಕ್ಕಿ ಎಂದು ಹೆಚ್ಚಿನವರು ತಿಳಿದಿದ್ದಾರೆ. ಕರ್ನಾಟಕದಲ್ಲಿ ಆ ಕಾರ್ಡಿನ ಒಂದು ಸಂಖ್ಯೆಗೆ ಇನ್ನೂ ಏನೇನು ನೇತುಬಿದ್ದಿದೆ ಎಂಬುದು ಅದು ನಿಂತ ಮೇಲೆ, ಒಂದೊಂದೇ ಬಾಗಿಲು ಮುಚ್ಚುತ್ತ ಹೋದಾಗ ತಿಳಿಯುತ್ತದೆ. ನಮ್ಮ ತವರಿನ ಕಾರ್ಡ್ 2024ರ ಕೊನೆಯಲ್ಲಿ ಅಮಾನತಾಗಿ 2025ರ ಬೇಸಿಗೆಯಲ್ಲಿ ಮತ್ತೆ ಚಾಲ್ತಿಗೆ ಬಂತು. ನಡುವಿನ ತಿಂಗಳುಗಳಲ್ಲಿ ಆ ಮನೆಯಿಂದ ಏನೇನು ಹೋಯಿತು ಎಂಬುದನ್ನು ಬರೆದಿಡಬೇಕು ಅನ್ನಿಸಿದೆ. ಸರ್ಕಾರದ ಪುಸ್ತಕದಲ್ಲಿ ಅದು ಉಳಿತಾಯ ಎಂದು ಬರೆದಿರುತ್ತದೆ. ಇನ್ನೊಂದು ಬದಿಯ ಲೆಕ್ಕವನ್ನು ಯಾರೂ ಬರೆದಿರುವುದಿಲ್ಲ.

ಕಾರ್ಡ್‌ನಲ್ಲಿ ಐದು ಹೆಸರುಗಳಿವೆ: ಅಮ್ಮ, ತಮ್ಮ, ಅವನ ಹೆಂಡತಿ, ಇಬ್ಬರು ಮಕ್ಕಳು. ನಾನು ಮದುವೆಯಾಗಿ ತಾಲೂಕು ಕೇಂದ್ರದಲ್ಲಿದ್ದೇನೆ, ಖಾಸಗಿ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ತಲೆಗೆ 5 ಕೆ.ಜಿ. ಧಾನ್ಯ, ಅಂದರೆ ಈ ಮನೆಗೆ ತಿಂಗಳಿಗೆ 25 ಕೆ.ಜಿ. ಅನ್ನಭಾಗ್ಯದ ಹೆಚ್ಚುವರಿ 5 ಕೆ.ಜಿ. ಬದಲಿಗೆ 2023ರ ಜುಲೈನಿಂದ ಕೆ.ಜಿ.ಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ, ಐದು ಜನಕ್ಕೆ 850, ಅಮ್ಮನ ಖಾತೆಗೆ ಬರುತ್ತಿತ್ತು. ಮನೆಯ ಯಜಮಾನಿ ಎಂದು ಅಮ್ಮನ ಹೆಸರಿರುವುದರಿಂದ ಗೃಹಲಕ್ಷ್ಮಿಯ 2,000 ರೂಪಾಯಿಯೂ ಅವಳಿಗೇ.

2024ರ ನವೆಂಬರಿನಲ್ಲಿ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದಾಗ ಯಂತ್ರ ಅಕ್ಕಿ ತೋರಿಸಲಿಲ್ಲ. ಅಂಗಡಿಯವರು ಒಳ್ಳೆಯವರು, ಅಮ್ಮನನ್ನು ಇಪ್ಪತ್ತು ವರ್ಷದಿಂದ ಬಲ್ಲವರು. "ನಿಮ್ಮದೊಂದೇ ಅಲ್ಲಮ್ಮ, ಈ ಸಲ ತುಂಬಾ ಕಾರ್ಡ್ ಹೋಗಿವೆ, ತಾಲೂಕು ಆಫೀಸಿಗೆ ಹೋಗಿ ಕೇಳಿ" ಎಂದರು. ಮನೆಗೆ ನೋಟಿಸು ಬಂದಿರಲಿಲ್ಲ. ಮೊಬೈಲಿಗೆ ಸಂದೇಶವೂ ಇರಲಿಲ್ಲ.

ಅದೇ ನವೆಂಬರಿನಲ್ಲಿ ರಾಜ್ಯದಾದ್ಯಂತ ಬಿಪಿಎಲ್ ಕಾರ್ಡ್‌ಗಳ ಗದ್ದಲ ಎದ್ದಿತ್ತು. ಆಕ್ಷೇಪ ಜೋರಾದ ಮೇಲೆ ಸರ್ಕಾರ ಹಿಂದೆ ಸರಿದು, ಆದಾಯ ತೆರಿಗೆ ಕಟ್ಟುವವರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರ ಕಾರ್ಡ್‌ಗಳನ್ನು ಮರಳಿಸುವುದಾಗಿ ಹೇಳಿತು. ಟಿವಿಯಲ್ಲಿ ಅದನ್ನು ಕೇಳಿ ನಾವು ನಿರಾಳವಾದೆವು. ಸುತ್ತಮುತ್ತಲಿನ ಕೆಲವು ಮನೆಗಳ ಕಾರ್ಡ್ ನಿಜಕ್ಕೂ ಮರಳಿ ಬಂದವು. ನಮ್ಮದು ಬರಲಿಲ್ಲ.

ಯಾಕೆ ಎಂದು ತಿಳಿದದ್ದು ತಾಲೂಕು ಕಚೇರಿಯ ಆಹಾರ ಶಾಖೆಯಲ್ಲಿ. ಅಲ್ಲಿನ ಕಂಪ್ಯೂಟರ್ ಆಪರೇಟರ್ ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. ಐದು ಹೆಸರುಗಳ ಪಟ್ಟಿಯಲ್ಲಿ ತಮ್ಮನ ಹೆಸರಿನ ಮುಂದೆ ಕೆಂಪು ಅಕ್ಷರದಲ್ಲಿ 'ಆದಾಯ ತೆರಿಗೆ ಪಾವತಿದಾರ' ಎಂದಿತ್ತು.

ತಮ್ಮ ಬದುಕಿನಲ್ಲಿ ಒಂದು ರೂಪಾಯಿ ಆದಾಯ ತೆರಿಗೆ ಕಟ್ಟಿದವನಲ್ಲ. ಸಾಮಾನು ಸಾಗಿಸುವ ಮೂರು ಚಕ್ರದ ಆಟೊ ಓಡಿಸುತ್ತಿದ್ದ. ಅದು ಹಳತಾದ ಮೇಲೆ ಸಣ್ಣ ಗೂಡ್ಸ್ ವಾಹನಕ್ಕೆ ಸಾಲ ಕೇಳಲು ಹೋದಾಗ, ಎರಡು ವರ್ಷದ ಆದಾಯ ತೆರಿಗೆ ರಿಟರ್ನ್ಸ್, ಅಂದರೆ ವರ್ಷದ ಆದಾಯ ತಿಳಿಸುವ ಲೆಕ್ಕಪತ್ರ, ಇಲ್ಲದೆ ಸಾಲವಿಲ್ಲ ಎಂದರು. ಅವನು ಎರಡು ವರ್ಷ ತಪ್ಪದೆ ಸಲ್ಲಿಸಿದ, ಆಮೇಲೆ ಸಾಲ ಸಿಕ್ಕಿತು. ಒಂದೆರಡು ಸರಕು ವಾಹನ ಇಟ್ಟುಕೊಂಡು ದುಡಿಯುವವರಿಗೆ ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 44ಎಇ ಕಲಮಿನಲ್ಲಿ ಸರಳವಾದ ದಾರಿಯೊಂದಿತ್ತು. ಭಾರಿ ವಾಹನವಲ್ಲದಿದ್ದರೆ ತಿಂಗಳಿಗೆ 7,500 ರೂಪಾಯಿ ಆದಾಯವೆಂದು ಹಿಡಿಯುತ್ತಾರೆ, ವರ್ಷಕ್ಕೆ 90,000. ಅವನ ರಿಟರ್ನ್ಸ್‌ನಲ್ಲಿ ಇದ್ದದ್ದು ಅಷ್ಟೇ. ಬಿಪಿಎಲ್‌ಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 1.20 ಲಕ್ಷ. ನಾಲ್ಕು ಚಕ್ರದ ವಾಹನ ಇದ್ದವರಿಗೆ ಬಿಪಿಎಲ್ ಇಲ್ಲ ಎಂಬ ನಿಯಮದಲ್ಲೂ ಜೀವನೋಪಾಯಕ್ಕೆ ಸ್ವತಃ ಓಡಿಸುವ ಒಂದು ವಾಣಿಜ್ಯ ವಾಹನಕ್ಕೆ ವಿನಾಯಿತಿ ಇದೆ. ಯಾವ ಕಡೆಯಿಂದ ನೋಡಿದರೂ ಈ ಮನೆ ಅರ್ಹವೇ. ರಿಟರ್ನ್ಸ್ ಸಲ್ಲಿಸಿದವನನ್ನೂ ತೆರಿಗೆ ಕಟ್ಟಿದವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದು ಆಧಾರ್ ಮತ್ತು ಪ್ಯಾನ್ ಸಂಖ್ಯೆಗಳನ್ನು ತಾಳೆ ನೋಡಿದ ಯಂತ್ರ. ಅದರ ಮಾತನ್ನು ಪರೀಕ್ಷಿಸಲು ಒಬ್ಬ ಮನುಷ್ಯನೂ ಊರಿಗೆ ಬಂದಿರಲಿಲ್ಲ.

ಅನರ್ಹರ ಕಾರ್ಡ್ ತೆಗೆಯಬಾರದು ಎಂದು ನಾನು ಹೇಳುವುದಿಲ್ಲ. ಎರಡಂತಸ್ತಿನ ಮನೆ, ಸರ್ಕಾರಿ ಸಂಬಳ ಇದ್ದು ಬಿಪಿಎಲ್ ಅಕ್ಕಿ ತೆಗೆದುಕೊಂಡು ಮಾರುವವರನ್ನು ನಾನೂ ಕಂಡಿದ್ದೇನೆ, ಕಂಡು ಸಿಟ್ಟಾಗಿದ್ದೇನೆ. ತೆಗೆಯುವ ಮೊದಲು ಒಂದು ನೋಟಿಸು ಕೊಟ್ಟು, ಹದಿನೈದು ದಿನ ಕಾಲಾವಕಾಶ ಕೊಟ್ಟಿದ್ದರೆ ನಾವು ಆಗಲೇ ದಾಖಲೆ ತೋರಿಸುತ್ತಿದ್ದೆವು. ಮೊದಲು ಕತ್ತರಿಸಿ ಆಮೇಲೆ 'ಅರ್ಹರಾಗಿದ್ದರೆ ಅರ್ಜಿ ಹಾಕಿ' ಎಂದಾಗ ಸಾಬೀತಿನ ಭಾರವೆಲ್ಲ ದಿನಗೂಲಿಯವರ ಮೇಲೆ ಬೀಳುತ್ತದೆ. ಆ ಭಾರಕ್ಕೆ ಬೆಲೆಯಿದೆ.

2024-25ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 349 ರೂಪಾಯಿ. ತಮ್ಮನ ಹೆಂಡತಿ ಆ ಕೆಲಸಕ್ಕೆ ಹೋಗುತ್ತಿದ್ದಳು. ತಾಲೂಕು ಕಚೇರಿಗೆ ಬಂದ ದಿನ ಆ ಕೂಲಿ ಇಲ್ಲ. ಸರ್ಕಾರ ಇಟ್ಟುಕೊಂಡ 34 ರೂಪಾಯಿ ದರದಲ್ಲೇ ಎಣಿಸಿದರೂ ಒಂದು ದಿನ ಸಾಲಿನಲ್ಲಿ ನಿಂತದ್ದಕ್ಕೆ ಅವಳು ಕಳೆದುಕೊಂಡದ್ದು 10 ಕೆ.ಜಿ. ಅಕ್ಕಿ, ಅಂದರೆ ಇಬ್ಬರ ತಿಂಗಳ ಕೇಂದ್ರದ ಪಾಲು. ತಮ್ಮ ಬಂದರೆ ಬಾಡಿಗೆ ತಪ್ಪುತ್ತದೆ, ಬಾಡಿಗೆ ತಪ್ಪಿದರೆ ವಾಹನದ ಕಂತು ತಪ್ಪುತ್ತದೆ. ಹಾಗಾಗಿ ಓಡಾಟ ಹೆಂಗಸರ ಪಾಲಿಗೆ ಬಂತು. ಬಸ್ಸಿಗೆ ದುಡ್ಡು ಕೊಡಬೇಕಾಗಿರಲಿಲ್ಲ, ಶಕ್ತಿ ಯೋಜನೆ ಇತ್ತು. ಒಂದು ಯೋಜನೆ ನಿಂತದ್ದನ್ನು ಕೇಳಲು ಹೋಗುವುದಕ್ಕೂ ಇನ್ನೊಂದು ಯೋಜನೆಯ ಆಸರೆ ಬೇಕಾಯಿತು ಎಂಬುದನ್ನು ಇಲ್ಲಿ ಹೇಳಲೇಬೇಕು. ಅದಿಲ್ಲದ ಗಂಡಸರು ಎಷ್ಟು ಮಂದಿ ಮನೆಯಲ್ಲೇ ಉಳಿದರೋ.

ಕೇಳಿದ ದಾಖಲೆಗಳು ಒಂದರ ಬೆನ್ನಿಗೆ ಒಂದು ಬಂದವು. ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ. ರಿಟರ್ನ್ಸ್ ಪ್ರತಿ. 'ತೆರಿಗೆ ಕಟ್ಟಿಲ್ಲ' ಎಂದು ಛಾಪಾ ಕಾಗದದ ಮೇಲೆ ನೋಟರಿ ಮುಂದೆ ಮಾಡಿಸಿದ ಅಫಿಡವಿಟ್. ಅಷ್ಟು ಕೊಟ್ಟ ಮೇಲೆ, ಅಫಿಡವಿಟ್ ನಡೆಯುವುದಿಲ್ಲ, ಆದಾಯ ತೆರಿಗೆ ಇಲಾಖೆಯದೇ ಕಾಗದ ಬೇಕು ಎಂದರು. ರಿಟರ್ನ್ಸ್ ಪರಿಶೀಲನೆಯಾದ ಮೇಲೆ ಅದೇ 1961ರ ಕಾಯ್ದೆಯ 143(1) ಕಲಮಿನಡಿ ಇಲಾಖೆ ಕಳುಹಿಸುವ ಸೂಚನಾಪತ್ರದಲ್ಲಿ ಪಾವತಿಸಬೇಕಾದ ತೆರಿಗೆ ಎಷ್ಟು ಎಂದು ಸ್ಪಷ್ಟವಾಗಿ ಇರುತ್ತದೆ. ತಮ್ಮನದರಲ್ಲಿ ಸೊನ್ನೆ ಇತ್ತು. ಅದನ್ನು ಇಂಟರ್‌ನೆಟ್‌ನಿಂದ ತೆಗೆಸಿ, ಸೊನ್ನೆಯ ಕೆಳಗೆ ಗೆರೆ ಎಳೆದು ಕೊಟ್ಟೆವು. ಈ ಸ್ಥಿತಿಯಲ್ಲಿರುವವರು ಮೊದಲು ಇದೊಂದನ್ನು ತೆಗೆಸಿಕೊಳ್ಳಿ. ಉಳಿದ ಯಾವ ಕಾಗದಕ್ಕೂ ಇಷ್ಟು ಬಲವಿಲ್ಲ.

ಆ ಮೇಲೆ ಕಡತ ಸ್ಥಳ ಪರಿಶೀಲನೆಗೆ ಹೋಯಿತು. ಆಹಾರ ಶಾಖೆಯವರು "ನಮ್ಮ ಲಾಗಿನ್‌ನಲ್ಲಿ ಇಲ್ಲ" ಎನ್ನುತ್ತಿದ್ದರು, ಗ್ರಾಮ ಆಡಳಿತ ಅಧಿಕಾರಿ "ನನ್ನ ಲಾಗಿನ್‌ಗೆ ಬಂದಿಲ್ಲ" ಎನ್ನುತ್ತಿದ್ದರು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. 2025ರ ಫೆಬ್ರವರಿಯಲ್ಲಿ ಗ್ರಾಮ ಆಡಳಿತ ಅಧಿಕಾರಿಗಳ ಮುಷ್ಕರವೂ ನಡೆಯಿತು, ಒಬ್ಬೊಬ್ಬರ ಮೇಲೆ ಇಷ್ಟೊಂದು ಆ್ಯಪ್‌ಗಳ ಕೆಲಸ ಹೇರುತ್ತಿದ್ದಾರೆ ಎಂಬುದು ಅವರ ದೂರುಗಳಲ್ಲಿ ಒಂದು. ನಮ್ಮ ಮನೆಗೆ ಕೊನೆಗೂ ಬಂದ ಅಧಿಕಾರಿ ಚಿಕ್ಕ ವಯಸ್ಸಿನವರು. ಅಂಗಳದಲ್ಲಿ ನಿಂತು ಫೋಟೊ ತೆಗೆದು, ಪಂಚರ ಸಹಿ ಹಾಕಿಸಿ, ನೀರು ಕುಡಿದು ಹೊರಟರು. ಒಂದು ತಪ್ಪು ಗುರುತನ್ನು ಅಳಿಸಲು ಅವರ ಅರ್ಧ ದಿನ, ಕಂದಾಯ ನಿರೀಕ್ಷಕರ ಒಂದು ವರದಿ, ಆಹಾರ ನಿರೀಕ್ಷಕರ ಒಂದು ಟಿಪ್ಪಣಿ, ತಹಶೀಲ್ದಾರರ ಒಂದು ಸಹಿ ಖರ್ಚಾದವು. ಇವರೆಲ್ಲರ ಸಂಬಳವೂ ಅದೇ ಖಜಾನೆಯಿಂದ ಹೋಗುತ್ತದೆ. ಉಳಿತಾಯದ ಅಂಕಿಯಲ್ಲಿ ಇದನ್ನು ಕಳೆದು ತೋರಿಸಿದ್ದನ್ನು ನಾನು ಎಲ್ಲೂ ಓದಿಲ್ಲ.

ಇದೆಲ್ಲ ನಡೆಯುತ್ತಿರುವಾಗಲೇ, ಜನವರಿಯಲ್ಲಿ, ಅಮ್ಮ ಬಚ್ಚಲಿನ ಹತ್ತಿರ ಬಿದ್ದಳು. ತೊಡೆಯ ಮೂಳೆ ಸೊಂಟದ ಬಳಿ ಮುರಿಯಿತು.

ಕಾರ್ಡ್ ನಿಂತ ಮೇಲೆ ಮನೆಗೆ ಅಕ್ಕಿ ಕೊಂಡು ತರುತ್ತಿದ್ದರು. ಗೃಹಲಕ್ಷ್ಮಿಯ ಹಣವೂ ನಿಂತಿತ್ತು. ಆ 2,000ದಲ್ಲಿ ಅಮ್ಮನ ರಕ್ತದೊತ್ತಡದ ಮಾತ್ರೆ, ಮೊಮ್ಮಕ್ಕಳ ಪುಸ್ತಕ, ಒಂದಿಷ್ಟು ಹಾಲು ನಡೆಯುತ್ತಿತ್ತು. ಅವಳನ್ನು ಆಸ್ಪತ್ರೆಗೆ ಸೇರಿಸಿದ ರಾತ್ರಿ ಬಟ್ಟೆ ತರಲು ಮನೆಗೆ ಹೋದಾಗ ಅವಳ ಸ್ಟೀಲ್ ಡಬ್ಬಿ ತೆರೆದೆ. ಮಾತ್ರೆಯ ಹಾಳೆಯ ಮೇಲೆ ಬಾಲ್‌ಪೆನ್ನಿನಲ್ಲಿ ಸೋಮ, ಬುಧ, ಶುಕ್ರ ಎಂದು ಬರೆದಿತ್ತು. ಅಕ್ಷರ ಮೊಮ್ಮಗಳದು. ದಿನಕ್ಕೊಂದು ನುಂಗಬೇಕಾದದ್ದನ್ನು ಅಮ್ಮ ದಿನ ಬಿಟ್ಟು ದಿನ ನುಂಗುತ್ತಿದ್ದಳು, ಒಂದು ಹಾಳೆ ಎರಡು ಹಾಳೆಯಷ್ಟು ದಿನ ಬರಲಿ ಎಂದು. ತಲೆಸುತ್ತಿ ಬಿದ್ದದ್ದು ಅದರಿಂದಲೇ ಎಂದು ನಾನು ಹೇಳಲಾರೆ, ವೈದ್ಯರೂ ಹಾಗೆ ಹೇಳಲಿಲ್ಲ. ಅವಳು ಯಾರಿಗೂ ಹೇಳದೆ ತಾನೇ ಕತ್ತರಿಸಿಕೊಂಡದ್ದು ಏನನ್ನು ಎಂಬುದು ಮಾತ್ರ ಆ ಡಬ್ಬಿಯಲ್ಲಿತ್ತು.

ಸರ್ಕಾರಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಮುಂದೆ ತುಂಬಾ ಜನ ಇದ್ದರು. ಈ ವಯಸ್ಸಿನಲ್ಲಿ ಹೆಚ್ಚು ದಿನ ಮಲಗಿಸುವುದು ಒಳ್ಳೆಯದಲ್ಲ ಎಂದು, ಯೋಜನೆಯಡಿ ನೋಂದಾಯಿತವಾದ ಖಾಸಗಿ ಆಸ್ಪತ್ರೆಗೆ ಶಿಫಾರಸು ಪತ್ರ ಬರೆದುಕೊಟ್ಟರು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30ರಷ್ಟನ್ನು ಮಾತ್ರ ಸರ್ಕಾರ ಕೊಡುತ್ತದೆ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಯಾವುದು ಬಿಪಿಎಲ್, ಯಾವುದು ಎಪಿಎಲ್ ಎಂದು ನೋಡುವುದು ಪಡಿತರ ಚೀಟಿಯಿಂದ. ಸಹಾಯ ಕೇಂದ್ರದಲ್ಲಿದ್ದ ಆರೋಗ್ಯ ಮಿತ್ರ ನಮ್ಮ ಕಾರ್ಡ್ ಸಂಖ್ಯೆ ಟೈಪ್ ಮಾಡಿದಳು. ಮತ್ತೊಮ್ಮೆ ಮಾಡಿದಳು. "ಅಕ್ಕಾ, ಇದು ಯಾವುದರಲ್ಲೂ ಬರುತ್ತಿಲ್ಲ" ಎಂದಳು. ಅಮಾನತಾದ ಕಾರ್ಡ್ ಬಿಪಿಎಲ್ಲೂ ಅಲ್ಲ, ಎಪಿಎಲ್ಲೂ ಅಲ್ಲ. ನಮಗೆ ಶೇ. 30 ಕೂಡ ಸಿಗಲಿಲ್ಲ.

ಬಿಲ್ಲು, ಔಷಧ, ಆಮೇಲಿನ ಫಿಸಿಯೋಥೆರಪಿ ಸೇರಿ ಒಂದು ಲಕ್ಷ ದಾಟಿತು. ನಾನು ಶಾಲೆಯಲ್ಲಿ ಮುಂಗಡ ತೆಗೆದುಕೊಂಡೆ. ತಮ್ಮನ ಹೆಂಡತಿಯ ಓಲೆ ಅಡವು ಹೋಯಿತು. ಉಳಿದ 40,000ವನ್ನು ವಾರದ ಕಂತಿನ ಗುಂಪು ಸಾಲದಲ್ಲಿ ತಂದರು. ಆ ಚಳಿಗಾಲದಲ್ಲಿ ಮೈಕ್ರೋಫೈನಾನ್ಸ್ ವಸೂಲಿಗಾರರ ಕಿರುಕುಳದ ಸುದ್ದಿ ಪತ್ರಿಕೆಗಳಲ್ಲಿ ದಿನವೂ ಬರುತ್ತಿತ್ತು, ಊರು ಬಿಟ್ಟು ಹೋದ ಮನೆಗಳ ಫೋಟೊಗಳು ಬರುತ್ತಿದ್ದವು. 2025ರ ಫೆಬ್ರವರಿಯಲ್ಲಿ ಸರ್ಕಾರ ಅದಕ್ಕೆಂದೇ ಸುಗ್ರೀವಾಜ್ಞೆ ತಂದಿತು. ಸುಗ್ರೀವಾಜ್ಞೆ ಬೇಕಿತ್ತು, ಬಂದದ್ದು ಒಳ್ಳೆಯದಾಯಿತು. ಜನ ಆ ಸಾಲದ ಬಾಗಿಲಿಗೆ ಯಾಕೆ ಹೋಗುತ್ತಾರೆ ಎಂದು ಕೇಳುವಾಗ, ಆಸ್ಪತ್ರೆಯ ಕೌಂಟರಿನಲ್ಲಿ ಕಾರ್ಡ್ ಸಂಖ್ಯೆ ಸಿಗದೆ ಹೋದ ನಮ್ಮಂಥವರನ್ನೂ ಯಾರಾದರೂ ಎಣಿಸಬೇಕಿತ್ತು.

ಒಂದು ಲೆಕ್ಕ ಹೀಗೆ ಹಾಕಿದೆ. ಐದು ಜನರ 50 ಕೆ.ಜಿ.ಗೆ 34 ರೂಪಾಯಿ ದರದಲ್ಲಿ ತಿಂಗಳಿಗೆ 1,700 ರೂಪಾಯಿ ಉಳಿಯಿತು ಎಂದು ಎರಡು ಸರ್ಕಾರಗಳೂ ಸೇರಿ ಬರೆದುಕೊಳ್ಳಬಹುದು. ಆರು ತಿಂಗಳೇ ಹಿಡಿದರೂ 10,200. ಅದಕ್ಕೆ ಎದುರಾಗಿ ಈ ಮನೆಯ ಮೇಲೆ ಬಿದ್ದದ್ದು ಒಂದು ಲಕ್ಷದ ಸಾಲ, ಅದರ ಬಡ್ಡಿ, ಕೂಲಿ ತಪ್ಪಿದ ದಿನಗಳು. ಗೃಹಲಕ್ಷ್ಮಿಯನ್ನು ನಾನು ಈ ಲೆಕ್ಕಕ್ಕೆ ಸೇರಿಸಿಯೇ ಇಲ್ಲ.

ಇನ್ನೊಂದು ಇದೆ, ಅದಕ್ಕೆ ರೂಪಾಯಿ ಲೆಕ್ಕ ಹಾಕಲು ನನಗೆ ಬರುವುದಿಲ್ಲ. ತಮ್ಮನ ಮಗಳು ಆಗ ದ್ವಿತೀಯ ಪಿಯುಸಿ, ಮಾರ್ಚ್‌ನಲ್ಲಿ ಪರೀಕ್ಷೆ. ಅಜ್ಜಿಯನ್ನು ಎಬ್ಬಿಸಿ ಕೂರಿಸಲು, ಶೌಚಕ್ಕೆ ಕರೆದೊಯ್ಯಲು ಹಗಲು ಒಬ್ಬರು ಮನೆಯಲ್ಲಿರಬೇಕು. ಅವಳ ತಾಯಿ ಮನೆಯಲ್ಲಿದ್ದರೆ ವಾರದ ಕಂತು ನಿಲ್ಲುತ್ತದೆ. ಹುಡುಗಿ ಮನೆಯಲ್ಲಿ ಉಳಿದಳು. ಪೂರ್ವಸಿದ್ಧತಾ ಪರೀಕ್ಷೆಗೆ ಹೋಗಲಿಲ್ಲ, ಪ್ರಯೋಗಾಲಯದ ತರಗತಿಗಳು ತಪ್ಪಿದವು. ನಾನು ಭಾನುವಾರ ಹೋಗಿ ಕೂತು ಪಾಠ ಹೇಳಿಕೊಟ್ಟೆ, ಅದು ಸಾಲಲಿಲ್ಲ. ಪಾಸಾದಳು. ನರ್ಸಿಂಗ್ ಓದಬೇಕೆಂದಿದ್ದವಳು ಈಗ ಆ ಮಾತು ಎತ್ತುವುದಿಲ್ಲ, ನಾನು ಎತ್ತಿದರೆ "ಮುಂದಿನ ವರ್ಷ ನೋಡೋಣ ಅತ್ತೆ" ಎನ್ನುತ್ತಾಳೆ. ಕಾರ್ಡ್ ರದ್ದುಪಡಿಸಿದ ಯಾರ ಮನಸ್ಸಿನಲ್ಲೂ ಈ ಹುಡುಗಿ ಇದ್ದಿರಲಿಕ್ಕಿಲ್ಲ. ಅವಳಿಗೆ ಆದದ್ದರ ಬಗ್ಗೆ ನನಗಿರುವ ಸಿಟ್ಟು ಇಳಿದಿಲ್ಲ, ಇಳಿಯಬೇಕೆಂದೂ ನನಗೆ ಅನ್ನಿಸುವುದಿಲ್ಲ.

ಊರಿನಲ್ಲಿ ಬೇರೆ ಬಗೆಯ ಹಾನಿಯಾಗಿದೆ. ತಮ್ಮನ ಕಾರ್ಡ್ ಹೋದದ್ದು ರಿಟರ್ನ್ಸ್ ಹಾಕಿದ್ದರಿಂದ ಎಂಬ ಸುದ್ದಿ ಹರಡಿದ ಮೇಲೆ ಯಾರೂ ರಿಟರ್ನ್ಸ್ ಹೆಸರೆತ್ತುವುದಿಲ್ಲ. ಪಕ್ಕದ ಬೀದಿಯಲ್ಲಿ ನಾಲ್ಕು ಹೊಲಿಗೆ ಯಂತ್ರ ಇಟ್ಟುಕೊಂಡು ಕೆಲಸ ಕೊಡಬೇಕೆಂದಿದ್ದ ಹೆಣ್ಣುಮಗಳು ಬ್ಯಾಂಕ್ ಸಾಲದ ಅರ್ಜಿಯನ್ನೇ ಹರಿದು ಹಾಕಿದಳು. ಬ್ಯಾಂಕಿನವರು ಕೇಳಿದ ಕಾಗದಗಳಲ್ಲಿ ಪ್ಯಾನ್ ಇತ್ತು, ರಿಟರ್ನ್ಸ್ ಇತ್ತು. ಇನ್ನು ಕೆಲವರು ಮಗನನ್ನು ಬೇರೆ ಮನೆ ಎಂದು ತೋರಿಸಿ ಕಾರ್ಡ್ ಒಡೆಯುವ ಯೋಚನೆಯಲ್ಲಿದ್ದಾರೆ. ಲೆಕ್ಕಪತ್ರದೊಳಗೆ ಬನ್ನಿ, ಬ್ಯಾಂಕಿಗೆ ಬನ್ನಿ ಎಂದು ಇಷ್ಟು ವರ್ಷ ಕರೆದದ್ದು ಸರ್ಕಾರವೇ. ಬಂದವರಿಗೆ ಹೀಗಾದುದನ್ನು ಕಂಡವರು ಮತ್ತೆ ವಾರದ ಕಂತಿನವರ ಹತ್ತಿರ ಹೋಗುತ್ತಿದ್ದಾರೆ. ನ್ಯಾಯಬೆಲೆ ಅಂಗಡಿಯವರಿಗೂ ಕಮಿಷನ್ ಬರುವುದು ವಿತರಿಸಿದ ಧಾನ್ಯದ ತೂಕದ ಮೇಲೆ. ಕಾರ್ಡ್ ಕಡಿಮೆಯಾದಷ್ಟೂ ಅವರ ಗಳಿಕೆ ಇಳಿಯುತ್ತದೆ, ಅಂಗಡಿ ತೆರೆಯುವ ದಿನಗಳೂ ಇಳಿದಿವೆ. ಕಾರ್ಡ್ ಉಳಿಸಿಕೊಂಡವರು ಕೂಡ ಈಗ ಎರಡೆರಡು ಸಲ ಹೋಗಬೇಕು.

ನಮ್ಮದು ಇದಕ್ಕಿಂತ ಕೆಟ್ಟದಾಗಬಹುದಿತ್ತು. 2017ರಲ್ಲಿ ಜಾರ್ಖಂಡ್‌ನ ಸಿಮ್ಡೇಗಾ ಜಿಲ್ಲೆಯಲ್ಲಿ ಆಧಾರ್ ಜೋಡಣೆಯಾಗಿಲ್ಲ ಎಂದು ಕಾರ್ಡ್ ರದ್ದಾದ ಮನೆಯ 11 ವರ್ಷದ ಹುಡುಗಿ ತೀರಿಕೊಂಡಳು. ಹಸಿವಿನಿಂದ ಎಂದು ಮನೆಯವರು ಹೇಳಿದರು, ಕಾಯಿಲೆಯಿಂದ ಎಂದು ಆಡಳಿತ ಹೇಳಿತು. ಕಾರ್ಡ್ ರದ್ದಾಗಿತ್ತು ಎಂಬುದರ ಬಗ್ಗೆ ಯಾರಿಗೂ ತಕರಾರು ಇರಲಿಲ್ಲ. ನಮಗೆ ಸಂಬಳ ಬರುವ ಒಬ್ಬಳು ಮಗಳಿದ್ದಳು, ಅಡವಿಡಲು ಓಲೆ ಇತ್ತು, ಕಾಯ್ದೆಯ ಕಲಮು ಓದಲು ಬರುತ್ತಿತ್ತು. ಈ ಮೂರೂ ಇಲ್ಲದ ಮನೆಗಳು ನಮ್ಮ ತಾಲೂಕಿನಲ್ಲೇ ಬೇಕಾದಷ್ಟಿವೆ. ಅಂಥವರು ಅರ್ಜಿ ಹಾಕುವುದಿಲ್ಲ. ಅರ್ಜಿ ಬರಲಿಲ್ಲ ಎಂದರೆ ಅನರ್ಹರೇ ಇದ್ದಿರಬೇಕು ಎಂದು ಕಡತ ಮುಚ್ಚುತ್ತದೆ.

ಕಡತ ನಿಂತಲ್ಲೇ ನಿಂತಾಗ ಅದನ್ನು ಚಲಿಸುವಂತೆ ಮಾಡಿದ್ದು ಹಿಂಬರಹ, ಅಂದರೆ ಅರ್ಜಿಗೆ ಕಚೇರಿ ಕೊಡಬೇಕಾದ ಲಿಖಿತ ಉತ್ತರ. ಬಾಯಿಮಾತಿನಲ್ಲಿ "ಮುಂದಿನ ವಾರ ಬನ್ನಿ" ಎನ್ನುವುದು ಸುಲಭ. ಕಾರ್ಡ್ ಯಾವ ಕಾರಣಕ್ಕೆ, ಯಾವ ದಿನಾಂಕದ ಆದೇಶದಂತೆ, ಯಾವ ನೋಟಿಸಿನ ನಂತರ ನಿಂತಿದೆ ಎಂದು ಲಿಖಿತವಾಗಿ ಹಿಂಬರಹ ಕೊಡಿ ಎಂದು ಟಪಾಲು ಶಾಖೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆದೆ. ಅದರ ಪ್ರತಿಯನ್ನು ಜಿಲ್ಲಾ ಮಟ್ಟದ ಕಚೇರಿಗೂ ಕಳುಹಿಸಿದೆ. ನೋಟಿಸೇ ಇಲ್ಲದಿರುವಾಗ ಹಿಂಬರಹದಲ್ಲಿ ಬರೆಯಲು ಅವರ ಬಳಿ ಏನೂ ಇರಲಿಲ್ಲ. ಕೆಲವೇ ದಿನಗಳಲ್ಲಿ ಆಹಾರ ನಿರೀಕ್ಷಕರು ತಾವೇ ಫೋನ್ ಮಾಡಿ ಸೂಚನಾಪತ್ರದ ಇನ್ನೊಂದು ಪ್ರತಿ ಕೇಳಿದರು. ಬೇಸಿಗೆ ರಜೆಯಲ್ಲಿ ಕಾರ್ಡ್ ಮತ್ತೆ ಚಾಲ್ತಿಗೆ ಬಂತು. ಆ ವೇಳೆಗೆ ಹೆಚ್ಚುವರಿ 5 ಕೆ.ಜಿ.ಗೆ ಹಣದ ಬದಲು ಅಕ್ಕಿಯನ್ನೇ ಕೊಡುವುದು ಶುರುವಾಗಿತ್ತು. ಮೊದಲ ತಿಂಗಳ ಅಕ್ಕಿಯನ್ನು ತಮ್ಮನೇ ಹೋಗಿ ತಂದ. ಅಮ್ಮ ಈಗ ವಾಕರ್ ಹಿಡಿದು ಜಗಲಿಯವರೆಗೆ ಬರುತ್ತಾಳೆ.

ಕಾರ್ಡ್ ನಿಂತಿದ್ದ ತಿಂಗಳುಗಳ ಅಕ್ಕಿಯನ್ನು ಯಾರೂ ಕೊಡಲಿಲ್ಲ. ಕೇಳಿದಾಗ, "ಹಿಂದಿನದು ಬರುವುದಿಲ್ಲ ಮೇಡಂ" ಎಂದರು. ಆಹಾರ ಭದ್ರತಾ ಕಾಯ್ದೆಯ 8ನೇ ಕಲಮು ಬೇರೆ ಮಾತು ಹೇಳುತ್ತದೆ. ಹಕ್ಕಿನ ಧಾನ್ಯ ಪೂರೈಕೆಯಾಗದಿದ್ದರೆ ಆಹಾರ ಭದ್ರತಾ ಭತ್ಯೆಯನ್ನು ಹಣದ ರೂಪದಲ್ಲಿ ಕೊಡಬೇಕು. ಜಿಲ್ಲೆಗೊಬ್ಬ ಕುಂದುಕೊರತೆ ನಿವಾರಣಾ ಅಧಿಕಾರಿ ಇರಬೇಕೆಂದು ಅದೇ ಕಾಯ್ದೆಯ 15ನೇ ಕಲಮು ಹೇಳುತ್ತದೆ. ತಿಂಗಳಿಗೆ 25 ಕೆ.ಜಿ.ಯಂತೆ ತಪ್ಪಿದ ಅಷ್ಟೂ ತಿಂಗಳ ಭತ್ಯೆ ಕೇಳಿ, ಅಮ್ಮನ ಸಹಿ ಹಾಕಿಸಿ ಅವರಿಗೆ ಅರ್ಜಿ ಕಳುಹಿಸಿದ್ದೇನೆ. ಜೊತೆಗೆ ಆಸ್ಪತ್ರೆಯ ಬಿಲ್ಲಿನ ಪ್ರತಿಯನ್ನೂ ಇಟ್ಟಿದ್ದೇನೆ, ಕಾನೂನಿನ ಪ್ರಕಾರ ಅದು ಆ ಅರ್ಜಿಗೆ ಸೇರಿದ್ದಲ್ಲದಿದ್ದರೂ. ಸ್ವೀಕೃತಿ ಬಂದಿದೆ, ಉತ್ತರ ಬಂದಿಲ್ಲ. ಬರದಿದ್ದರೆ ರಾಜ್ಯ ಆಹಾರ ಆಯೋಗಕ್ಕೆ ಮೇಲ್ಮನವಿ ಹಾಕುತ್ತೇನೆ, ಅದರ ಕರಡು ಸಿದ್ಧವಾಗಿದೆ.